ಮೊಳದುದ್ದದ ತಾಟೆ ಮರಿಯೋ, ಬೆಳೆದದ್ದೋ?

ಬುಟ್ಟಿಯಲ್ಲಿ ಸಣ್ಣ ತಾಟೆ ಕಂಡರೆ ಸಾಕು, ಮರಿಗಳನ್ನೂ ಬಿಡದೆ ಹಿಡಿದು ತಂದಿದ್ದಾರಲ್ಲ ಅಂತ ನನಗೆ ಸಂಕಟವಾಗುತ್ತಿತ್ತು. ಒಂದು ದಿನ ಬೆಳಗ್ಗೆ ಮಲ್ಪೆ ಬಂದರಿನಲ್ಲಿ, ಏಲಂ ಮುಗಿಯುವ ಹೊತ್ತಿಗೆ, ಯಾವಾಗಲೂ ನಮಗೆ ಮೀನು ಕೊಡುವ ಅಕ್ಕನ ಹತ್ತಿರ ಇದನ್ನು ಹೇಳಿಯೇ ಬಿಟ್ಟೆ. ಅವರು ಒಂದನ್ನು ಬಾಲ ಹಿಡಿದು ಎತ್ತಿ, “ಇದು ಇಷ್ಟೇ ಆಗುದು ಮಾರಾಯ್ತಿ, ಇನ್ನು ದೊಡ್ಡ ಆಗುದಿಲ್ಲ” ಅಂದರು. ಮೊಳದುದ್ದ ಇತ್ತು, ಅಷ್ಟೇ.

ಕರಾವಳಿಯ ಹೊರಗಿನವರಿಗೆ ಹೇಳಿಬಿಡ್ತೇನೆ: ತಾಟೆ ಅಂದರೆ ಶಾರ್ಕ್. ತುಳುವಿನ ಹೆಸರು, ನಮ್ಮ ಕಡೆ ಕನ್ನಡದಲ್ಲೂ ಅದೇ ಓಡುತ್ತದೆ.

ಅಕ್ಕ ಹೇಳಿದ್ದು ಪೂರ್ತಿ ನಿಜ. ಆ ಮೀನಿನ ಹೆಸರು ಸ್ಪೇಡ್‌ನೋಸ್ ಶಾರ್ಕ್. ನಮ್ಮ ಪಶ್ಚಿಮ ಕರಾವಳಿಯ ಬಲೆಗಳಿಗೆ ಧಾರಾಳವಾಗಿ ಬೀಳುವ ಜಾತಿ. 35 ಸೆಂಟಿಮೀಟರ್ ಆಸುಪಾಸಿನಲ್ಲೇ ಪ್ರಾಯಕ್ಕೆ ಬರುತ್ತದೆ, ಎಷ್ಟು ಬೆಳೆದರೂ ಮುಕ್ಕಾಲು ಮೀಟರ್ ದಾಟುವುದಿಲ್ಲ. ಆದರೆ ಅದೇ ಬುಟ್ಟಿಯಲ್ಲಿ, ಅದೇ ಉದ್ದದ, ಅದೇ ಬೂದು ಬಣ್ಣದ ಇನ್ನೊಂದು ತಾಟೆ ಇರಬಹುದು. ಅದು ಎರಡು ಮೀಟರ್‌ಗಿಂತ ಜಾಸ್ತಿ ಬೆಳೆಯಬೇಕಾಗಿದ್ದ, ಹುಟ್ಟಿ ಕೆಲವೇ ದಿನವಾದ ಮರಿ ಆಗಿರಬಹುದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮೊದಲ ನೋಟಕ್ಕೆ ಗೊತ್ತಾಗುವುದೇ ಇಲ್ಲ. ಆಮೇಲೆ ಒಂದು ವರ್ಷ ನಾನು ಬಂದರಿಗೆ ಹೋದಾಗಲೆಲ್ಲ ಇದನ್ನೇ ನೋಡುತ್ತಾ ಬಂದೆ. ಮೊದಲು ಕಲಿತದ್ದು, ಉದ್ದ ನೋಡಬಾರದು, ಬಣ್ಣವನ್ನು ನಂಬಬಾರದು, ರೆಕ್ಕೆ ಎಲ್ಲಿ ಶುರುವಾಗುತ್ತದೆ ಅಂತ ನೋಡಬೇಕು.

ಸ್ಪೇಡ್‌ನೋಸ್‌ನ ಮೂತಿ ಗಾರೆ ಕೆಲಸದವರ ಕರಣೆ ಥರ. ಉದ್ದ, ಚಪ್ಪಟೆ, ಅಂಚು ತೆಳು. ಎದೆಯ ಎರಡು ರೆಕ್ಕೆಗಳು ಗಿಡ್ಡ, ಅಗಲ. ಆದರೆ ನಿಜವಾದ ಗುರುತು ಬೆನ್ನಿನ ಮೇಲಿದೆ. ಬೆನ್ನಿನ ಮೊದಲ ರೆಕ್ಕೆ ಎಷ್ಟು ಹಿಂದೆ ಇದೆ ಅಂದರೆ, ಅದರ ಹಿಂದಿನ ತುದಿಯಿಂದ ನೇರ ಕೆಳಗೆ ಬೆರಳಿಳಿಸಿದರೆ ಹೊಟ್ಟೆಯ ರೆಕ್ಕೆಗಳ ಬುಡದ ನಡುವಿಗೇ ಬರುತ್ತದೆ. ಬೇರೆ ಬಹಳಷ್ಟು ತಾಟೆಗಳಲ್ಲಿ ಈ ರೆಕ್ಕೆ ಎದೆಯ ರೆಕ್ಕೆಗಳಿಗೆ ಹತ್ತಿರ, ಇನ್ನೂ ಮುಂದೆ ಇರುತ್ತದೆ. ಒಮ್ಮೆ ಇದು ಕಣ್ಣಿಗೆ ಕೂತರೆ ದೂರದಿಂದಲೇ ಹೇಳಬಹುದು.

ಇನ್ನು ಅದು ಬೆಳೆದದ್ದೋ ಅಲ್ಲವೋ ಅಂತ ನೋಡಲು ಮಗುಚಿ ಹಾಕಬೇಕು. ಗಂಡಾದರೆ ಹೊಟ್ಟೆಯ ರೆಕ್ಕೆಗಳ ಒಳಬದಿಯಲ್ಲಿ ಎರಡು ಕಡ್ಡಿಯಂಥ ಅಂಗ ಇರುತ್ತದೆ. ಬೆಳೆದ ಗಂಡಿನಲ್ಲಿ ಅದು ಉದ್ದವಾಗಿ, ಮುಟ್ಟಿದರೆ ಗಟ್ಟಿಯಾಗಿರುತ್ತದೆ. ಎಳೆಯದರಲ್ಲಿ ಗಿಡ್ಡ, ಮೆತ್ತಗೆ. ಹೆಣ್ಣಿನ ಹೊಟ್ಟೆ ಸೀಳಿದಾಗ ಎಷ್ಟೋ ಸಲ ಒಳಗೆ ಮರಿಗಳೇ ಇರುತ್ತವೆ. ಈ ಜಾತಿಯ ಮೊಟ್ಟೆ ಸುಮಾರು 1 ಮಿಲಿಮೀಟರ್, ಒಂದು ಸಾಸಿವೆ ಕಾಳಿನಷ್ಟು. ಅಷ್ಟರಿಂದ ಶುರುವಾಗಿ, ತಾಯಿಯ ಹೊಟ್ಟೆಯಲ್ಲೇ ಹೊಕ್ಕುಳಬಳ್ಳಿಯ ಮೂಲಕ ಆಹಾರ ಪಡೆದು, 12ರಿಂದ 15 ಸೆಂಟಿಮೀಟರ್ ಆದ ಮೇಲೆ ಮರಿ ಹುಟ್ಟುತ್ತದೆ.

ಹೊಕ್ಕುಳಬಳ್ಳಿ ಅಂದೆನಲ್ಲ, ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅದೇ. ಹೀಗೆ ಹುಟ್ಟುವ ತಾಟೆ ಮರಿಗಳಿಗೆ, ಮಗುಚಿ ಹಾಕಿದರೆ, ಎದೆಯ ಎರಡು ರೆಕ್ಕೆಗಳ ನಡುವೆ ಬೆಳ್ಳಗಿನ ಹೊಟ್ಟೆಯ ಮೇಲೆ ಒಂದು ಸಣ್ಣ ಸೀಳು ಕಾಣುತ್ತದೆ. ಈಗಷ್ಟೇ ಹುಟ್ಟಿದ್ದಾದರೆ ಅದು ತೆರೆದೇ ಇರುತ್ತದೆ, ಅಂಚು ಕೆಂಪಗೆ. ಕೆಲವು ವಾರ ಕಳೆದರೆ ಮುಚ್ಚಿಕೊಂಡು ಗೀರಿನಂತೆ ಉಳಿಯುತ್ತದೆ, ಆಮೇಲೆ ಅದೂ ಮಾಸಿಹೋಗುತ್ತದೆ. ಮೊಳದುದ್ದದ ಸ್ಪೇಡ್‌ನೋಸ್‌ನಲ್ಲಿ ಈ ಗಾಯ ಇರುವುದಿಲ್ಲ, ಯಾಕೆಂದರೆ ಅದು ಬೆಳೆದ ಮೀನು. ಮೊಳದುದ್ದದ ತಾಟೆಗೆ ಹೊಟ್ಟೆಯಲ್ಲಿ ಹಸಿ ಸೀಳು ಇದ್ದರೆ, ಅದು ದೊಡ್ಡ ಜಾತಿಯ ಶಿಶು.

ಯಾವ ದೊಡ್ಡ ಜಾತಿ ಅನ್ನುವುದು ಕಷ್ಟದ ಭಾಗ. ರೆಕ್ಕೆಗಳ ತುದಿ ಕಪ್ಪಗಿದ್ದರೆ ಎಲ್ಲರೂ ‘ಬ್ಲ್ಯಾಕ್‌ಟಿಪ್’ ಅಂತ ಬರೆದುಬಿಡ್ತಾರೆ. ನಾನೂ ಹಾಗೆ ಬರೆದು ಫೋಟೋ ಹಂಚಿಕೊಂಡಿದ್ದೆ, ತಪ್ಪಾಗಿತ್ತು. ಕಪ್ಪು ತುದಿ ಬಹಳ ಜಾತಿಗಳಿಗೆ ಇದೆ. ಸ್ಪಿನ್ನರ್ ಶಾರ್ಕ್‌ಗೂ ಇದೆ, ಆದರೆ ಅದರ ಎಳೆಯ ಮರಿಗಳಲ್ಲಿ ಕಪ್ಪು ಇನ್ನೂ ಮೂಡಿಯೇ ಇರುವುದಿಲ್ಲ. ಬೆಳೆದ ಸ್ಪಿನ್ನರ್‌ಗೆ ಬಾಲದ ಹತ್ತಿರ ಕೆಳಗಡೆ ಇರುವ ಒಂಟಿ ರೆಕ್ಕೆಯ ತುದಿಯೂ ಕಪ್ಪು, ಬ್ಲ್ಯಾಕ್‌ಟಿಪ್‌ನಲ್ಲಿ ಆ ರೆಕ್ಕೆ ಸಾಮಾನ್ಯವಾಗಿ ಬಿಳಿಯಾಗೇ ಇರುತ್ತದೆ. ಮರಿಗಳಲ್ಲಿ ಬಣ್ಣ ಕೈಕೊಡುವುದರಿಂದ ಮತ್ತೆ ಬೆನ್ನಿಗೇ ಬರಬೇಕು. ಬ್ಲ್ಯಾಕ್‌ಟಿಪ್‌ನಲ್ಲಿ ಮೊದಲ ರೆಕ್ಕೆ ಎದೆಯ ರೆಕ್ಕೆ ಮೈಗೆ ಸೇರುವ ಜಾಗದ ನೇರಕ್ಕೆ ಅಥವಾ ಸ್ವಲ್ಪ ಹಿಂದೆ ಶುರುವಾಗುತ್ತದೆ. ಸ್ಪಿನ್ನರ್‌ನಲ್ಲಿ ಅದು ಇನ್ನೂ ಹಿಂದೆ.

ಸ್ಪಾಟ್‌ಟೇಲ್ ಶಾರ್ಕ್ ಅಂತ ಇನ್ನೊಂದಿದೆ. ಬೆನ್ನಿನ ಎರಡನೇ ರೆಕ್ಕೆ, ಎದೆಯ ರೆಕ್ಕೆಗಳು ಮತ್ತು ಬಾಲದ ಕೆಳಭಾಗದ ತುದಿಯಲ್ಲಿ ಅಚ್ಚ ಕಪ್ಪು, ಮೊದಲ ರೆಕ್ಕೆಯಲ್ಲಿ ಮಾತ್ರ ಅಷ್ಟಿಲ್ಲ. ಇದನ್ನು ಖಚಿತ ಮಾಡಿಕೊಳ್ಳಲು ಕಣ್ಣಿಗಿಂತ ಬೆರಳು ಒಳ್ಳೆಯದು. ಬೆನ್ನಿನ ಎರಡು ರೆಕ್ಕೆಗಳ ನಡುವೆ ಹೆಬ್ಬೆರಳು ಒತ್ತಿ ಎಳೆಯಿರಿ. ಸ್ಪಾಟ್‌ಟೇಲ್ ಆದರೆ ಚರ್ಮ ಎದ್ದು ನಿಂತ ಸಣ್ಣ ಏಣು ಸಿಗುತ್ತದೆ, ಬಟ್ಟೆಯ ಮಡಿಕೆಗೆ ಹಾಕಿದ ಹೊಲಿಗೆ ಥರ. ಬ್ಲ್ಯಾಕ್‌ಟಿಪ್ ಮತ್ತು ಸ್ಪಿನ್ನರ್ ಎರಡರಲ್ಲೂ ಏಣು ಇಲ್ಲ, ಬೆರಳು ಸಲೀಸಾಗಿ ಜಾರುತ್ತದೆ. ತಲೆಯ ಕಡೆಯಿಂದ ಬಾಲದ ಕಡೆಗೇ ಎಳೆಯಿರಿ, ತಿರುಗಿಸಿ ಎಳೆದರೆ ಚರ್ಮ ಮರಳು ಕಾಗದದಂತೆ ತರಚುತ್ತದೆ.

ಮಿಲ್ಕ್ ಶಾರ್ಕ್ ಬಗ್ಗೆ ಹೇಳದೆ ಇರಲಾಗದು. ಬಾಣಂತಿಗೆ ಸಣ್ಣ ತಾಟೆ ತಿನ್ನಿಸಿದರೆ ಹಾಲು ಚೆನ್ನಾಗಿ ಬರುತ್ತದೆ ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಆ ಮೀನಿಗೆ ಇಂಗ್ಲಿಷಿನಲ್ಲಿ ಮಿಲ್ಕ್ ಅನ್ನುವ ಹೆಸರು ಬಂದದ್ದೂ ಭಾರತದ ಈ ನಂಬಿಕೆಯಿಂದಲೇ. ಗುರುತು ಸುಲಭ: ಬಾಯಿಯ ಎರಡೂ ಮೂಲೆಯಿಂದ ಹೊರಟ ಗೀರು ಉದ್ದವಾಗಿ, ಆಳವಾಗಿ ಇರುತ್ತದೆ, ಉಗುರು ಇಟ್ಟರೆ ಒಳಗೆ ಕೂರುತ್ತದೆ. ಸ್ಪೇಡ್‌ನೋಸ್‌ನಲ್ಲಿ ಈ ಗೀರು ತೀರ ಗಿಡ್ಡ. ಕಣ್ಣಿನ ಹಿಂದಿನ ಅಂಚಿನಲ್ಲಿ ಸಣ್ಣ ಕಚ್ಚು ಇದ್ದರೆ ಅದು ಸ್ಲಿಟ್‌ಐ ಶಾರ್ಕ್.

ಸುತ್ತಿಗೆ ತಲೆಯದ್ದು ಯಾರಿಗೂ ಗೊತ್ತಾಗುತ್ತದೆ, ಅಲ್ವಾ? ಆದರೆ ಸುತ್ತಿಗೆಗಳಲ್ಲೂ ಬೇರೆ ಬೇರೆ ಇವೆ. ತಲೆಯ ಮುಂದಿನ ಅಂಚನ್ನು ಮೇಲಿನಿಂದ ನೋಡಿ. ಅಂಚು ಬಿಲ್ಲಿನಂತೆ ಬಾಗಿದ್ದು ನಟ್ಟನಡುವೆ ಒಂದು ಕಚ್ಚು, ಅತ್ತ ಇತ್ತ ಇನ್ನೊಂದೊಂದು ಇದ್ದರೆ ಸ್ಕ್ಯಾಲಪ್ಡ್ ಹ್ಯಾಮರ್‌ಹೆಡ್. ನಡುವಿನ ಕಚ್ಚು ಇಲ್ಲದಿದ್ದರೆ ಸ್ಮೂತ್. ದೊಡ್ಡ ಮೀನು, ಅಂಚು ಹೆಚ್ಚುಕಡಿಮೆ ನೇರ, ಬೆನ್ನಿನ ರೆಕ್ಕೆ ಕುಡುಗೋಲಿನಂತೆ ಎತ್ತರ ಇದ್ದರೆ ಗ್ರೇಟ್ ಹ್ಯಾಮರ್‌ಹೆಡ್. ತಲೆಯ ಅಗಲವೇ ಮೈಯುದ್ದದ ಅರ್ಧಕ್ಕೆ ಹತ್ತಿರವಾಗಿದ್ದರೆ ವಿಂಗ್‌ಹೆಡ್. ಸ್ಕ್ಯಾಲಪ್ಡ್ ಮತ್ತು ಗ್ರೇಟ್ ಎರಡನ್ನೂ ಅಂತರರಾಷ್ಟ್ರೀಯ ಕೆಂಪು ಪಟ್ಟಿ 2019ರಿಂದ ಅತ್ಯಂತ ಅಪಾಯದಲ್ಲಿರುವ ಜಾತಿ ಅಂತ ಗುರುತಿಸಿದೆ. ಸ್ಕ್ಯಾಲಪ್ಡ್ ಮರಿ ಹುಟ್ಟುವಾಗಲೇ ಹೆಚ್ಚುಕಡಿಮೆ ಮೊಳದುದ್ದ ಇರುತ್ತದೆ.

ಗಿಟಾರ್ ಆಕಾರದ್ದನ್ನು ತಾಟೆ ಅಂತ ಮಾರಿದರೆ ಕಿವಿರು ನೋಡಿ: ಸೀಳುಗಳು ಮಗ್ಗುಲಲ್ಲಿದ್ದರೆ ತಾಟೆ, ಹೊಟ್ಟೆಯ ಕಡೆ ಇದ್ದರೆ ತೊರಕೆಯ, ಅಂದರೆ ರೇ ಮೀನಿನ ಬಳಗ.

ಇದೆಲ್ಲ ಇಡೀ ಮೀನು ಎದುರಿಗಿದ್ದರೆ ಮಾತ್ರ ಸಾಧ್ಯ. ತಲೆ ಮತ್ತು ರೆಕ್ಕೆ ತೆಗೆದ ಮೇಲೆ ಉಳಿಯುವ ಮೈ ಎಲ್ಲ ಜಾತಿಯದ್ದೂ ಒಂದೇ ಥರ. ರೆಕ್ಕೆಗಳನ್ನು ಕಡಲಿನಲ್ಲೇ ಕತ್ತರಿಸದೆ ಮೈಯ ಜೊತೆಗೇ ದಡಕ್ಕೆ ತರಬೇಕು ಅಂತ 2013ರಲ್ಲಿ ಕೇಂದ್ರ ಸರ್ಕಾರ ಹೇಳಿತು, 2015ರಲ್ಲಿ ರೆಕ್ಕೆ ರಫ್ತನ್ನೂ ನಿಲ್ಲಿಸಿತು. ಗುರುತು ಹಿಡಿಯುವವರಿಗೆ ಇದು ಎಷ್ಟು ದೊಡ್ಡ ಸಹಾಯ ಅಂತ ನಾನು ಬಂದರಿಗೆ ಹೋಗಿ ನಿಂತ ಮೇಲೆಯೇ ಗೊತ್ತಾದದ್ದು. ನೀವೂ ಹೋದರೆ ಸುಮ್ನೆ ಒಂದೇ ಫೋಟೋ ತೆಗೆದು ಬರಬೇಡಿ. ಮಗ್ಗುಲಿಂದ ಒಂದು, ಹೊಟ್ಟೆಯ ಕಡೆಯಿಂದ ಒಂದು, ತಲೆಯನ್ನು ಮೇಲಿನಿಂದ ಒಂದು, ಪಕ್ಕದಲ್ಲಿ ನಿಮ್ಮ ಕೈ ಇರಲಿ.

ಕಳೆದ ತಿಂಗಳು ಅಕ್ಕನಿಗೆ ಈ ಹೊಕ್ಕುಳ ತೋರಿಸಿದೆ. “ಮೀನಿಗೆ ಹೊಕ್ಕುಳಾ?” ಅಂತ ನಕ್ಕರು. ನಕ್ಕವರು ಕೈ ಒರೆಸಿಕೊಂಡು, ಬುಟ್ಟಿಯಲ್ಲಿದ್ದ ಸುತ್ತಿಗೆ ತಲೆಯ ಮರಿಗಳನ್ನು ಒಂದೊಂದಾಗಿ ಮಗುಚಿ ನೋಡಿದರು. ಏಳು ಇದ್ದವು. ಐದರಲ್ಲಿ ಸೀಳು ಇನ್ನೂ ತೆರೆದೇ ಇತ್ತು.