ಸೆಲ್ಫ್ ಬದಲಿಸಿದೆ, ಬ್ಯಾಟರಿ ಬದಲಿಸಿದೆ. ಕೆಟ್ಟಿದ್ದು ಅರ್ತ್ ಪಟ್ಟಿ

ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಟೊಮೆಟೊ ಸಾಗಿಸುವ ಹಳೆಯ ಡೀಸೆಲ್ ಪಿಕಪ್ ಒಂದು ಚಳಿಗಾಲದಲ್ಲಿ ಒಂದೇ ದೂರು ಹೊತ್ತು ನನ್ನ ಗ್ಯಾರೇಜಿಗೆ ಮೂರು ಬಾರಿ ಬಂತು. ಬೆಳಗಿನ ಜಾವ ಕೀ ತಿರುಗಿಸಿದರೆ ಎಂಜಿನ್ ಒಂದೆರಡು ಸುತ್ತು ಭಾರವಾಗಿ ತಿರುಗಿ ನಿಲ್ಲುತ್ತದೆ, ಕೆಲವೊಮ್ಮೆ ‘ಟಕ್’ ಎಂಬ ಸದ್ದಷ್ಟೇ ಬರುತ್ತದೆ, ಮನೆಮಂದಿಯೆಲ್ಲ ಸೇರಿ ತಳ್ಳಿದರೆ ಮಾತ್ರ ಗಾಡಿ ಸ್ಟಾರ್ಟ್ ಆಗುತ್ತದೆ ಎಂದು ಯಜಮಾನರು ಹೇಳುತ್ತಿದ್ದರು. ಮೊದಲ ಸಲ ನಾನು ಎಂಜಿನ್ನನ್ನು ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರ್ ಬದಲಿಸಿದೆ, ಎರಡನೆಯ ಸಲ ಬ್ಯಾಟರಿ ಬದಲಿಸಿದೆ. ಎರಡರಲ್ಲೂ ದೋಷವಿರಲಿಲ್ಲ.

ಸೆಲ್ಫಿನ ಸದ್ದನ್ನು ಕೇಳಿಯೇ ರೋಗ ಹೇಳುವುದು ನಮ್ಮ ಕೆಲಸದಲ್ಲಿ ಹೆಮ್ಮೆಯ ವಿಷಯ, ಅದರಲ್ಲಿ ಸತ್ಯವೂ ಉಂಟು. ‘ಟಕಟಕಟಕ’ ಎಂದು ಬೇಗಬೇಗ ಬಡಿದರೆ ಸಾಮಾನ್ಯವಾಗಿ ಬ್ಯಾಟರಿಯಲ್ಲಿ ಚಾರ್ಜ್ ಇಲ್ಲ ಎಂದರ್ಥ: ಸೆಲ್ಫಿಗೆ ಕರೆಂಟ್ ಬಿಡುವ ವಿದ್ಯುತ್ಕಾಂತದ ಸ್ವಿಚ್ಚಾದ ಸೊಲೆನಾಯ್ಡ್ ಎಳೆದುಕೊಂಡ ಕ್ಷಣವೇ ವೋಲ್ಟೇಜ್ ಕುಸಿದು ಬಿಟ್ಟುಬಿಡುತ್ತದೆ, ಬಿಟ್ಟೊಡನೆ ವೋಲ್ಟೇಜ್ ಏರಿ ಮತ್ತೆ ಎಳೆಯುತ್ತದೆ. ಎಂಜಿನ್ ತಿರುಗದೆ ಮೋಟಾರು ಮಾತ್ರ ಸುಯ್ಯೆಂದು ಸುತ್ತಿದರೆ ಸೆಲ್ಫನ್ನು ಎಂಜಿನ್ನಿಗೆ ಕಚ್ಚಿಸುವ ಹಲ್ಲುಚಕ್ರವಾದ ಬೆಂಡಿಕ್ಸ್ ಜಾರುತ್ತಿದೆ. ಕರಕರ ಉಜ್ಜಿದರೆ ಬೆಂಡಿಕ್ಸಿನದೋ ಅದು ಕಚ್ಚುವ ಎಂಜಿನ್ನಿನ ಫ್ಲೈವೀಲ್ ರಿಂಗಿನದೋ ಹಲ್ಲು ಸವೆದಿದೆ. ಸ್ಪ್ಯಾನರಿನಿಂದ ಸೆಲ್ಫಿನ ಮೈಗೆ ಮೆಲ್ಲಗೆ ತಟ್ಟಿದಾಗ ಎದ್ದುಕೊಂಡರೆ ಹೆಚ್ಚಾಗಿ ಮೋಟಾರಿನೊಳಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಸವೆದು ಮುಗಿದಿರುತ್ತದೆ. ಆದರೆ ಒಂದೇ ಒಂದು ‘ಟಕ್’ ಮತ್ತು ಭಾರವಾದ ತಿರುಗುವಿಕೆ ಹಲವು ರೋಗಗಳಿಗೆ ಸಮಾನವಾದ ಲಕ್ಷಣಗಳು. ಸೊಲೆನಾಯ್ಡಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರಬಹುದು, ಮೋಟಾರಿನ ದಂಡವನ್ನು ಹಿಡಿಯುವ ಬುಷ್ ಸವೆದು ತಿರುಗುವ ಭಾಗವಾದ ಆರ್ಮೇಚರ್ ಒಳಗೆ ತಾಗುತ್ತಿರಬಹುದು, ದಪ್ಪ ವೈರಿನ ಯಾವುದಾದರೂ ಜೋಡಣೆ ತುಕ್ಕು ಹಿಡಿದಿರಬಹುದು. ಅಲ್ಲಿ ಕಿವಿಯನ್ನು ನಂಬಿ ನಾನು ಎಡವಿದೆ.

ಸೆಲ್ಫ್ ಬದಲಿಸಿದ ಮೇಲೆ ಎಂಟು ದಿನ ಗಾಡಿ ಚೆನ್ನಾಗಿ ನಡೆದದ್ದೇ ನನ್ನನ್ನು ಇನ್ನಷ್ಟು ದಾರಿ ತಪ್ಪಿಸಿತು. ಕರೆಂಟ್ ಬ್ಯಾಟರಿಗೆ ಹಿಂದಿರುಗಲೆಂದು ಎಂಜಿನ್ನಿನಿಂದ ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ಹೋಗುವ ಹೆಣೆದ ತಾಮ್ರದ ಅರ್ತ್ ಪಟ್ಟಿ ಸೆಲ್ಫಿನ ಪಕ್ಕದಲ್ಲೇ ಇತ್ತು. ಬೋಲ್ಟ್ ಬಿಚ್ಚುವಾಗ ಅದನ್ನು ಆಚೀಚೆ ಸರಿಸಿದ್ದರಿಂದ ಸವೆದ ಎಳೆಗಳು ತಾತ್ಕಾಲಿಕವಾಗಿ ಕೂಡಿಕೊಂಡಿದ್ದವು ಎಂಬುದು ನನಗೆ ಆಮೇಲೆ ಹೊಳೆಯಿತು.

ಮೂರನೆಯ ಸಲ ಬಂದಾಗ ಯಜಮಾನರು ಗಾಡಿ ಇಳಿಯುತ್ತಲೇ, “ಮೇಸ್ತ್ರಿ, ಆಕ್ಸಿಲರೇಟರ್ ಕೇಬಲ್ಲೂ ಮತ್ತೆ ಬಿಗಿ ಆಗೈತೆ, ಅದನ್ನೂ ನೋಡಿ” ಎಂದರು. ಆ ಕೇಬಲನ್ನು ಎರಡು ತಿಂಗಳ ಹಿಂದಷ್ಟೇ ಬೇರೆ ಕಡೆ ಬದಲಿಸಿದ್ದರಂತೆ. ಇದೇ ಮಾತನ್ನು ಅವರು ಮೊದಲ ಸಲವೂ ಹೇಳಿದ್ದರು, ನಾನು ಎಣ್ಣೆ ಬಿಟ್ಟು ಕಳುಹಿಸಿದ್ದೆ. ಈ ಬಾರಿ ಕೇಬಲನ್ನು ಬಿಚ್ಚಿ ನೋಡಿದರೆ ಒಳಗಿನ ಪ್ಲಾಸ್ಟಿಕ್ ಪದರ ಕರಗಿ ತಂತಿಗೆ ಅಂಟಿಕೊಂಡಿತ್ತು. ಪೆಡಲ್ ತುಳಿಯುವುದರಿಂದ ಕೇಬಲ್ ಕರಗುವುದಿಲ್ಲ. ಎಂಜಿನ್ನಿನಿಂದ ಬ್ಯಾಟರಿಗೆ ಹಿಂದಿರುಗಬೇಕಾದ ಕರೆಂಟಿಗೆ ಸರಿಯಾದ ದಾರಿ ಸಿಗದಿದ್ದಾಗ ಅದು ಎಂಜಿನ್ನಿಗೂ ಬಾಡಿಗೂ ನಡುವೆ ಇರುವ ಯಾವ ಲೋಹವನ್ನಾದರೂ ಹಿಡಿದು ಹರಿಯುತ್ತದೆ, ಆಕ್ಸಿಲರೇಟರ್ ಅಥವಾ ಕ್ಲಚ್ ಕೇಬಲ್ಲಿನ ಸಣ್ಣ ತಂತಿ ಆ ಹೊರೆಯನ್ನು ತಾಳಲಾರದೆ ಕಾಯುತ್ತದೆ.

ಆಗ ಮಲ್ಟಿಮೀಟರ್ ತೆಗೆದೆ. ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಸ್ಟಾರ್ಟ್ ಆಗದೆ ಬರೀ ತಿರುಗಲೆಂದು ಡೀಸೆಲ್ ಪಂಪಿನ ಸ್ಟಾಪ್ ಸೊಲೆನಾಯ್ಡಿನ ವೈರನ್ನು ಕಳಚಿ, ಹುಡುಗನಿಗೆ ಕೀ ತಿರುಗಿಸಲು ಹೇಳಿದೆ. ಸುಮ್ಮನಿದ್ದಾಗ 12.6 ವೋಲ್ಟ್ ಇದ್ದ ಬ್ಯಾಟರಿ, ಸೆಲ್ಫ್ ಹೊಡೆಯುವಾಗ 10.9 ತೋರಿಸಿತು. ಎಂಜಿನ್ ಇಷ್ಟು ಭಾರವಾಗಿ ತಿರುಗುತ್ತಿದ್ದರೂ ಬ್ಯಾಟರಿಯ ವೋಲ್ಟೇಜ್ ಹೆಚ್ಚು ಇಳಿಯಲಿಲ್ಲ ಎಂಬುದೇ ಇಲ್ಲಿ ಮುಖ್ಯ ಸುಳಿವು. ಬ್ಯಾಟರಿ ಸೋತಿದ್ದರೆ ಅಥವಾ ಸೆಲ್ಫ್ ಒಳಗೆ ಹಿಡಿದುಕೊಂಡು ವಿಪರೀತ ಕರೆಂಟ್ ಎಳೆಯುತ್ತಿದ್ದರೆ ಅದು 9.6ಕ್ಕಿಂತ ಕೆಳಗೆ ಬೀಳಬೇಕಿತ್ತು. ಬೀಳಲಿಲ್ಲವೆಂದರೆ ದಾರಿಯಲ್ಲಿ ಎಲ್ಲೋ ತಡೆಯಿದೆ. ಬ್ಯಾಟರಿಯ ಪಾಸಿಟಿವ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿನವರೆಗೆ ಅಳೆದಾಗ ನಷ್ಟ 0.3 ವೋಲ್ಟ್, ಅದು ಸರಿ. ನೆಗೆಟಿವ್ ಕಂಬದಿಂದ ಎಂಜಿನ್ ಬ್ಲಾಕಿನವರೆಗೆ ಅಳೆದಾಗ 3.8 ವೋಲ್ಟ್. ಅಲ್ಲಿ 0.3ಕ್ಕಿಂತ ಹೆಚ್ಚು ಇರಬಾರದು. ಪಾಪ, ಹೊಸ ಸೆಲ್ಫಿಗೆ ಸಿಗುತ್ತಿದ್ದದ್ದು 6.8 ವೋಲ್ಟ್ ಮಾತ್ರ.

ಬ್ಯಾಟರಿ ಬದಲಿಸಿದ ದಿನ ನಾನು ಇದೇ ಪಟ್ಟಿಯನ್ನು ಮೀಟರಿನ ಬೀಪ್ ಸದ್ದಿನಲ್ಲಿ ಪರೀಕ್ಷಿಸಿ ಸರಿಯಿದೆ ಎಂದಿದ್ದೆನೆಂಬುದನ್ನೂ ಹೇಳಬೇಕು. ಒಂದೆರಡು ಎಳೆ ಉಳಿದಿದ್ದರೂ ಮೀಟರ್ ಬೀಪ್ ಎನ್ನುತ್ತದೆ, ಟೆಸ್ಟ್ ಲ್ಯಾಂಪೂ ಉರಿಯುತ್ತದೆ, ಏಕೆಂದರೆ ಅವುಗಳಿಗೆ ಬೇಕಾದ ಕರೆಂಟ್ ತೀರಾ ಕಡಿಮೆ. ಸೆಲ್ಫಿನ ಮೂಲಕ 150 ಆಂಪಿಯರ್ ಹರಿಯುವಾಗ ಕೇವಲ 0.02 ಓಮ್ ತಡೆಯಿದ್ದರೂ 3 ವೋಲ್ಟ್ ಕಳೆದುಹೋಗುತ್ತದೆ, ಮೀಟರಿನ ಸ್ವಂತ ವೈರುಗಳ ತಡೆಯೇ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚಿರುತ್ತದೆ. ಆದ್ದರಿಂದ ಈ ದೋಷವನ್ನು ಸೆಲ್ಫ್ ಹೊಡೆಯುತ್ತಿರುವಾಗಲೇ ಅಳೆಯಬೇಕು. ಮೀಟರ್ ಇಲ್ಲದವರು ಜಂಪರ್ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಿ ನೋಡಬಹುದು. ನಾನು ಹಾಗೆ ಮಾಡಿದೊಡನೆ ಎಂಜಿನ್ ಚುರುಕಾಗಿ ತಿರುಗಿತು.

ಪಟ್ಟಿಯ ಒಂದು ತುದಿ ಹಸಿರು ಪುಡಿಯಾಗಿ ಉದುರುತ್ತಿತ್ತು. ಚಾಸಿಯ ಮೇಲಿನ ಬಣ್ಣ ಮತ್ತು ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಹೊಸ ಪಟ್ಟಿಯನ್ನು ಬಿಗಿದು, ಮೇಲೆ ಗ್ರೀಸ್ ಹಚ್ಚಿದೆ. ನೆಗೆಟಿವ್ ಕಡೆಯ ನಷ್ಟ 0.15 ವೋಲ್ಟಿಗೆ ಇಳಿಯಿತು. ಮೂಲೆಯಲ್ಲಿ ಬಿದ್ದಿದ್ದ ಅವರ ಹಳೆಯ ಸೆಲ್ಫನ್ನು ಬಿಚ್ಚಿ ನೋಡಿದಾಗ ಕಾರ್ಬನ್ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಅದನ್ನೇ ಮತ್ತೆ ಕೂರಿಸಿ, ಹೊಸದನ್ನು ತೆಗೆದಿಟ್ಟುಕೊಂಡು ಅದರ ಹಣವನ್ನು ಹಿಂದಿರುಗಿಸಿದೆ. ಅವರ ಹಳೆಯ ಬ್ಯಾಟರಿಯನ್ನು ಅದಾಗಲೇ ಗುಜರಿಗೆ ಹಾಕಿದ್ದರಿಂದ ಅದರ ಲೆಕ್ಕ ಮಾತ್ರ ಇಂದಿಗೂ ನನ್ನ ಮೇಲೆಯೇ ಇದೆ.