ಪಟ್ ಕೈಕೊಟ್ಟಾಗ

ತಟ್ಟೆಯಂಥ ಡಿಸ್ಕನ್ನು ಸರಪಳಿ ಇಳಿಬಿಟ್ಟ ಬುಟ್ಟಿಗೆ ಎಸೆಯುವ ಡಿಸ್ಕ್ ಗಾಲ್ಫ್‌ನಲ್ಲಿ ಐದಾರು ಮೀಟರಿನ ಪಟ್‌ಗಳು (ಹತ್ತಿರದಿಂದ ಬುಟ್ಟಿಗೆ ಹಾಕುವ ಎಸೆತಗಳು) ಸಾಲಾಗಿ ತಪ್ಪತೊಡಗಿದರೆ ಹೆಚ್ಚಿನವರು ಮೊದಲು ಹೊಸ ಪಟರ್, ಅಂದರೆ ಪಟ್‌ಗೆ ಬಳಸುವ ಡಿಸ್ಕ್, ಕೊಳ್ಳುತ್ತಾರೆ. ಅದೂ ಫಲಿಸದಿದ್ದರೆ ಡಿಸ್ಕನ್ನು ಜೋರಾಗಿ ತಿರುಗಿಸಿ ಎಸೆಯುವ ಸ್ಪಿನ್ ಪಟ್ ಬಿಟ್ಟು, ಹೆಚ್ಚು ತಿರುಗಿಸದೆ ಮುಂದಕ್ಕೆ ತಳ್ಳುವ ಪುಶ್ ಪಟ್ ಹಿಡಿಯುತ್ತಾರೆ. ಸದ್ಯಕ್ಕೆ ಎರಡೂ ಬೇಡ. ಕೆಟ್ಟಿರುವುದು ಕೈಯೋ ತಲೆಯೋ ಎಂಬುದು ಮೊದಲು ಗೊತ್ತಾಗಲಿ.

ತಪ್ಪಿದ ಡಿಸ್ಕ್ ಯಾವ ಕಡೆ ಹೋಯಿತು ಎಂದು ಎರಡು ಮೂರು ಸುತ್ತು ಬರೆದಿಡಿ. ಬಲಗೈಯವರ ಬ್ಯಾಕ್‌ಹ್ಯಾಂಡ್ ಪಟ್ ಪ್ರತಿಸಲ ಬಲಕ್ಕೇ ಹೋಗುತ್ತಿದ್ದರೆ ಡಿಸ್ಕ್ ಕೈಬಿಡುವುದು ತಡವಾಗುತ್ತಿದೆ, ಎಡಕ್ಕೇ ಹೋಗುತ್ತಿದ್ದರೆ ಬೇಗ ಆಗುತ್ತಿದೆ. ಅದು ತಂತ್ರದ ದೋಷ, ತಿದ್ದಬಹುದು. ಆದರೆ ಒಂದು ಎಡಕ್ಕೆ, ಒಂದು ಬಲಕ್ಕೆ, ಇನ್ನೊಂದು ಬುಟ್ಟಿಯ ಅಂಚಿಗೆ ಬಡಿದು ಕೆಳಕ್ಕೆ, ಅಭ್ಯಾಸದಲ್ಲಿ ಮಾತ್ರ ಎಲ್ಲವೂ ಸರಪಳಿಗೇ ಎಂದಾದರೆ ಕಾಟ ತಲೆಯದ್ದು.

ಅಂಜಿಕೆ ಬಂದಾಗ ಬೆರಳುಗಳು ಬಿಗಿಯುತ್ತವೆ. ಭಾರ ಹಿಂಗಾಲಿನಿಂದ ಮುಂಗಾಲಿಗೆ ಸಾಗುವುದಿಲ್ಲ, ತೋಳೊಂದೇ ಎಸೆಯುತ್ತದೆ, ಡಿಸ್ಕ್ ಬುಟ್ಟಿ ಮುಟ್ಟುವ ಮೊದಲೇ ಸೋಲುತ್ತದೆ. ಈ ಅಂಜಿಕೆ ಬಹಳ ಸಲ ಎದುರಿಗಿರುವ ಪಟ್‌ನದ್ದಲ್ಲ, ಅದು ತಪ್ಪಿದರೆ ಬುಟ್ಟಿಯ ಆಚೆಯಿಂದ ಹಾಕಬೇಕಾದ ಕಮ್‌ಬ್ಯಾಕ್ ಪಟ್‌ನದ್ದು. ಆದ್ದರಿಂದ ಅಭ್ಯಾಸ ಅದರದ್ದೇ ಆಗಬೇಕು. ಎಂಟು ಮೀಟರಿನಿಂದ ಬುಟ್ಟಿ ದಾಟಿ ಹೋಗುವಷ್ಟು ಜೋರಾಗಿ ಹಾಕಿ, ತಪ್ಪಿದ್ದನ್ನು ಬಿದ್ದಲ್ಲಿಂದಲೇ ಮುಗಿಸಿ. ನಾಲ್ಕು ಮೀಟರಿನ ಕಮ್‌ಬ್ಯಾಕ್ ನಿತ್ಯದ ಕೆಲಸವಾದ ಮೇಲೆ ಮೊದಲ ಪಟ್‌ಗೆ ಧೈರ್ಯ ತಾನಾಗಿ ಬರುತ್ತದೆ.

ಅಭ್ಯಾಸದ ರೀತಿಯಲ್ಲೇ ಇನ್ನೊಂದು ಮೋಸವಿದೆ. ಹತ್ತು ಪಟರ್ ಕೈಯಲ್ಲಿ ಹಿಡಿದು ಒಂದೇ ಜಾಗದಿಂದ ಎಸೆದರೆ ಮೂರನೆಯದು ಎರಡನೆಯದನ್ನು ನೋಡಿ ತಿದ್ದಿಕೊಂಡದ್ದಾಗಿರುತ್ತದೆ. ಕೋರ್ಸ್‌ನಲ್ಲಿ ಸಿಗುವುದು ಒಂದೇ. ವಾರದಲ್ಲಿ ಅರ್ಧ ಅಭ್ಯಾಸವಾದರೂ ಒಂದೇ ಡಿಸ್ಕ್‌ನಲ್ಲಿ ನಡೆಯಲಿ: ಎಸೆಯಿರಿ, ನಡೆದು ಹೋಗಿ ತನ್ನಿ, ಬೇರೆ ದೂರದಿಂದ, ಬೇರೆ ಕೋನದಿಂದ ಎಸೆಯಿರಿ. ಬೇಜಾರಿನ ಕೆಲಸ, ನಿಜ.

ಹಲವು ಡಿಸ್ಕ್ ಬೇಕೇ ಬೇಕೆಂದರೆ ಫಿನ್ಲೆಂಡಿನ ಯೂಲಿ ಆಟ ಒಳ್ಳೆಯದು. ಐದು ಪಟರ್, 20 ಸುತ್ತು. ಮೊದಲ ಸುತ್ತು 10 ಮೀಟರಿನಿಂದ. ಐದೂ ಬಿದ್ದರೆ ಮುಂದಿನದೂ 10ರಿಂದಲೇ, ನಾಲ್ಕು ಬಿದ್ದರೆ 9ರಿಂದ, ಮೂರಕ್ಕೆ 8, ಹೀಗೆ ಇಳಿದು ಒಂದೂ ಬೀಳದಿದ್ದರೆ 5 ಮೀಟರ್. ದೂರವನ್ನು ಬಿದ್ದ ಸಂಖ್ಯೆಯಿಂದ ಗುಣಿಸಿದರೆ ಆ ಸುತ್ತಿನ ಅಂಕ, ಒಟ್ಟು ಗರಿಷ್ಠ 1000. ತಪ್ಪಿದವರನ್ನು ಆಟವೇ ಬುಟ್ಟಿಯ ಹತ್ತಿರಕ್ಕೆ ತರುವುದರಿಂದ ಸೋಲು ಬೆಳೆಯುತ್ತಾ ಹೋಗುವುದಿಲ್ಲ. ಮನಸ್ಸು ಕುಗ್ಗಿದವರಿಗೆ ಇದೇ ಬೇಕಾದ್ದು.

ಸ್ಪರ್ಧೆಯಲ್ಲಿ ಒಂದೇ ಕ್ರಮ ಇಟ್ಟುಕೊಳ್ಳಿ. ಬುಟ್ಟಿಗೇ ಹಾಕುವುದೋ, ಬುಟ್ಟಿಯ ಬುಡಕ್ಕೆ ಲೇಅಪ್ ಮಾಡುವುದೋ (ಹತ್ತಿರಕ್ಕಷ್ಟೇ ಬೀಳಿಸುವುದೋ) ಎಂಬುದು, ಡಿಸ್ಕ್ ಬಿದ್ದ ಜಾಗ ತೋರಿಸುವ ಮಾರ್ಕರ್ ಹಿಂದೆ ಕಾಲಿಡುವ ಮೊದಲೇ ತೀರ್ಮಾನವಾಗಲಿ. ನಿಂತ ಮೇಲೆ ಸರಪಳಿಯ ಒಂದೇ ಒಂದು ಕೊಂಡಿ ನೋಡಿ, ಇಡೀ ಬುಟ್ಟಿಯನ್ನಲ್ಲ. ಉಸಿರು ಪೂರ್ತಿ ಬಿಡಿ, ತೋಳನ್ನು ಒಮ್ಮೆ ತೂಗಿ, ಎಸೆಯಿರಿ. ಡಿಸ್ಕ್ ತಗಲುವವರೆಗೂ ಕಣ್ಣು ಆ ಕೊಂಡಿಯ ಮೇಲೇ ಇರಲಿ. ನಡುವೆ ‘ತಪ್ಪಿದರೆ?’ ಎಂಬ ಯೋಚನೆ ನುಸುಳಿದರೆ ಹಿಂದೆ ಸರಿದು ಮತ್ತೆ ಶುರು ಮಾಡಿ. ನಿಯಮ ಕೊಡುವುದು 30 ಸೆಕೆಂಡು, ಈ ಕ್ರಮಕ್ಕೆ ಹತ್ತು ಸಾಕು. ಹತ್ತು ಮೀಟರಿನ ಒಳಗೆ ಎಸೆದ ಮೇಲೆ ಸಮತೋಲ ತೋರಿಸದೆ ಮುಂದೆ ಹೆಜ್ಜೆ ಇಡುವಂತಿಲ್ಲ. ಆತುರಗಾರರಿಗೆ ಈ ನಿಯಮದಿಂದ ಲಾಭವೇ: ಎಸೆದ ಭಂಗಿಯಲ್ಲೇ ಒಂದು ಸೆಕೆಂಡು ನಿಲ್ಲುವ ರೂಢಿಯಾದರೆ ಅರ್ಧಂಬರ್ಧ ಎಸೆತಗಳು ಕಡಿಮೆಯಾಗುತ್ತವೆ.

ಲೆಕ್ಕ ಇಡುವುದಾದರೆ ಎಷ್ಟು ಬಿದ್ದವು ಎಂದಲ್ಲ, ಎಷ್ಟು ಪಟ್‌ಗಳಲ್ಲಿ ಈ ಕ್ರಮ ಪೂರ್ತಿ ನಡೆಯಿತು ಎಂದು ಇಡಿ. ಚೆನ್ನಾಗಿ ಹಾಕಿದ್ದೂ ಸರಪಳಿಗೆ ತಗಲಿ ಹೊರಗೆ ಉರುಳುತ್ತದೆ, ಎದುರುಗಾಳಿ ಡಿಸ್ಕನ್ನು ಎತ್ತಿಬಿಡುತ್ತದೆ. ಅವೆಲ್ಲ ನಿಮ್ಮ ಖಾತೆಗೆ ಬೇಡ.

ಇಷ್ಟಾದರೂ ಎಸೆಯುವ ಕ್ಷಣದಲ್ಲಿ ಮಣಿಕಟ್ಟು ತಾನಾಗಿ ಜರ್ಕ್ ಹೊಡೆಯುತ್ತಿದ್ದರೆ ಅದು ಯಿಪ್ಸ್. ಆಗ ಮಾತ್ರ ಶೈಲಿ ಬದಲಿಸುವುದಕ್ಕೆ ಅರ್ಥವಿದೆ. ಕಾಲು ಹಿಂದೆಮುಂದೆ ಇಟ್ಟು ನಿಲ್ಲುವವರು ಕಾಲಗಲಿಸಿ ಸ್ಟ್ರ್ಯಾಡಲ್‌ನಲ್ಲಿ ನಿಲ್ಲಲಿ, ಇಲ್ಲವೇ ಹಿಡಿತ ಬದಲಿಸಲಿ. ಹಳೆಯ ಚಲನೆಗೆ ಅಂಟಿಕೊಂಡ ಜರ್ಕ್ ಹೊಸದಕ್ಕೆ ಅಷ್ಟು ಸುಲಭವಾಗಿ ಬರುವುದಿಲ್ಲ. ಮೂರು ಮೀಟರಿನಿಂದ ಶುರು ಮಾಡಿ, ಸತತ ಹತ್ತು ಬಿದ್ದ ಮೇಲಷ್ಟೇ ಅರ್ಧ ಮೀಟರ್ ಹಿಂದೆ ಹೋಗಿ.