ರಾಗ ಇಲ್ಲ, ತಾಳ ಇಲ್ಲ, ಅದರಲ್ಲಿ ಏನು ಕೇಳ್ತೀರಿ?

ಅಮೆರಿಕದ ಆರ್ಕೆಸ್ಟ್ರಾ ಸಂಗೀತ ಕೇಳಿ ಬಂದೆ ಅಂದರೆ ಸಾಕು, ಎಲ್ಲರದ್ದೂ ಇದೇ ಪ್ರಶ್ನೆ. ಮೊಜಾರ್ಟ್, ಬೀಥೋವನ್ ಆದರೆ ಸರಿ. ಇತ್ತೀಚಿನ ಅಮೆರಿಕದವರು ಅಂದರೆ ಮೂಗು ಮುರಿಯುತ್ತಾರೆ.

ರಾಗ ಇಲ್ಲ ಅನ್ನುವವರಿಗೆ ನಾನು ಏರನ್ ಕೋಪ್ಲೆಂಡ್ ಅವರ 'ಅಪಲೇಚಿಯನ್ ಸ್ಪ್ರಿಂಗ್' ಕೇಳಿಸುತ್ತೇನೆ. 1944ರಲ್ಲಿ ಮಾರ್ಥಾ ಗ್ರಹಾಂ ಅವರ ನೃತ್ಯಕ್ಕೆ ಮಾಡಿದ್ದು. ಅದರಲ್ಲಿ ಶೇಕರ್ ಅನ್ನುವ ಕ್ರೈಸ್ತ ಪಂಥದವರ ಹಳೆಯ ಹಾಡೊಂದು ಬರುತ್ತದೆ, ಮಕ್ಕಳೂ ಗುನುಗಬಹುದು. ಜನ ಕೋಪ್ಲೆಂಡ್ ಹತ್ತಿರ ಬಂದು, ಅಪಲೇಚಿಯನ್ ಬೆಟ್ಟಗಳೇ ಕಣ್ಣಿಗೆ ಕಟ್ಟಿದವು ಅನ್ನುತ್ತಿದ್ದರಂತೆ. ಆ ಹೆಸರು ಗ್ರಹಾಂ ಇಟ್ಟದ್ದು, ಅದೂ ಸಂಗೀತ ಬರೆದು ಮುಗಿದ ಮೇಲೆ! ಬರೆಯುವಾಗ ಕೋಪ್ಲೆಂಡ್‌ಗೆ ಬೆಟ್ಟದ ಸುಳಿವೇ ಇರಲಿಲ್ಲ.

ತಾಳ ಬೇಕಾ? ಜಾನ್ ಆಡಮ್ಸ್ ಅವರ 'ಶಾರ್ಟ್ ರೈಡ್ ಇನ್ ಎ ಫಾಸ್ಟ್ ಮಷೀನ್' ಇದೆ, 1986ರದ್ದು. ಮರದ ತುಂಡೊಂದು ಟಕ್ ಟಕ್ ಅಂತ ಹಟ ಹಿಡಿದು ಬಾರಿಸುತ್ತದೆ, ಉಳಿದವರು ಅದನ್ನು ದಾರಿ ತಪ್ಪಿಸಲು ನೋಡುತ್ತಾರೆ. ನಾಲ್ಕೇ ನಿಮಿಷ.

ಆದರೆ ನನ್ನನ್ನು ಹಿಡಿದಿಟ್ಟದ್ದು ಇವೆರಡೂ ಅಲ್ಲ, ಚಾರ್ಲ್ಸ್ ಐವ್ಸ್. ಹೊಟ್ಟೆಪಾಡಿಗೆ ವಿಮೆ ವ್ಯಾಪಾರ, ಬಿಡುವಿನಲ್ಲಿ ಸಂಗೀತ. 1908ರಲ್ಲಿ 'ದಿ ಅನ್‌ಆನ್ಸರ್ಡ್ ಕ್ವೆಶ್ಚನ್' ಬರೆದರು, ಉತ್ತರ ಸಿಗದ ಪ್ರಶ್ನೆ ಅಂತ. ಅದನ್ನು ಜನ ಕೇಳಿದ್ದು 1946ರಲ್ಲಿ!

ಪಿಟೀಲು, ಚೆಲ್ಲೋಗಳು ತೀರಾ ಮೆಲ್ಲಗೆ, ಅವಸರವೇ ಇಲ್ಲದೆ ನುಡಿಯುತ್ತಿರುತ್ತವೆ. ಕೆಲವೊಮ್ಮೆ ನುಡಿಸುವವರನ್ನು ವೇದಿಕೆಯ ಹಿಂದೆ ಕೂರಿಸುತ್ತಾರೆ, ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುವುದಿಲ್ಲ. ಅದರ ಮೇಲೆ ಒಂಟಿ ಟ್ರಂಪೆಟ್ ಪ್ರಶ್ನೆ ಕೇಳುತ್ತದೆ. ಐದೇ ಸ್ವರ. ಕೊಳಲುಗಳು ಉತ್ತರ ಕೊಡಲು ಹೋಗುತ್ತವೆ. ಟ್ರಂಪೆಟ್ ಮತ್ತೆ ಅದನ್ನೇ ಕೇಳುತ್ತದೆ. ಕೊಳಲುಗಳಿಗೆ ಸಿಟ್ಟು ಬರುತ್ತಾ ಹೋಗುತ್ತದೆ, ಕೊನೆಗೆ ಒಬ್ಬರ ಮೇಲೊಬ್ಬರು ಬಿದ್ದು ಕಿರುಚಾಡಿ ಟ್ರಂಪೆಟ್ಟನ್ನೇ ಅಣಕಿಸುತ್ತವೆ. ನಮ್ಮ ಟಿವಿ ಚರ್ಚೆ ನೆನಪಾಗುತ್ತದೆ. ಇಷ್ಟಾದರೂ ಪಿಟೀಲಿನವರಿಗೆ ಇದ್ಯಾವುದೂ ಕೇಳಿಸಿದಂತೆಯೇ ಇಲ್ಲ. ಅವರ ನಡೆ ಬೇರೆ, ಕೊಳಲಿನವರ ನಡೆ ಬೇರೆ. ಎರಡನ್ನೂ ಒಟ್ಟಿಗೆ ಕೇಳುವ ಕೆಲಸ ನನ್ನ ಕಿವಿಯದ್ದು. ನನಗೆ ಮಜಾ ಇರೋದೇ ಅಲ್ಲಿ.

ಆರು ಸಲ ಉತ್ತರ ಬರುತ್ತದೆ. ಏಳನೇ ಸಲ ಟ್ರಂಪೆಟ್ ಕೇಳಿದಾಗ ಕೊಳಲುಗಳು ಸುಮ್ಮನಿರುತ್ತವೆ. ಪಿಟೀಲು ಮಾತ್ರ ಉಳಿದು, ಸಣ್ಣಗಾಗಿ, ನಿಲ್ಲುತ್ತದೆ.

ಒಮ್ಮೆ ಗೆಳೆಯನನ್ನೂ ಎಳೆದುಕೊಂಡು ಹೋಗಿದ್ದೆ. ಇಡೀ ಸಭೆ ಉಸಿರು ಬಿಗಿಹಿಡಿದು ಕೂತಿತ್ತು. ಅವನು ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದ: "ಮುಗೀತಾ?"